ಬೆಂಗಳೂರಿನ ಕ್ರಿಸ್ಮಸ್ ನೋಡಬೇಕಾ? 24ನೇ ತಾರೀಕಿನವರೆಗೆ ಕಾಯಬೇಡಿ

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ಶಿವಾಜಿನಗರದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡಲು ಶುರುವಾಗಿರುತ್ತವೆ. ನಾವು ಅದನ್ನು ಗಮನಿಸುವುದೇ ಇಲ್ಲ. 24ರ ಸಂಜೆ ಇದ್ದಕ್ಕಿದ್ದಂತೆ ನೆನಪಾಗಿ ಮಕ್ಕಳನ್ನು ಕರೆದುಕೊಂಡು ಬ್ರಿಗೇಡ್ ರಸ್ತೆ ಕಡೆ ಹೊರಡುತ್ತೇವೆ. ಒಂದು ವರ್ಷ ನಾನೂ ಹಾಗೇ ಹೋಗಿದ್ದೆ. ನೂಕುನುಗ್ಗಲಲ್ಲಿ ಮಗಳ ಒಂದು ಚಪ್ಪಲಿ ಹೋಯಿತು, ಅವಳು ಅಳುತ್ತಾ ಹೆಗಲ ಮೇಲೆ ನಿದ್ದೆ ಹೋದಳು, ಒಂದು ದೀಪವನ್ನೂ ನೋಡಲಿಲ್ಲ. ಅದಾದ ಮೇಲೆ ನಾವು ಡಿಸೆಂಬರ್ ಮೊದಲ ವಾರದಲ್ಲೇ ಶುರು ಮಾಡುತ್ತೇವೆ, ಅದೂ ವಾರದ ದಿನಗಳಲ್ಲಿ.

ಕ್ರೈಸ್ತರಿಗೂ ಹಬ್ಬ ಆಗಲೇ ಶುರು. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅವರಲ್ಲಿ ಆಗಮನ ಕಾಲ ಅನ್ನುತ್ತಾರೆ. ಚರ್ಚಿನೊಳಗೆ ಹಸಿರು ಎಲೆಯ ಬಳೆಯಂಥ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿ ಇಟ್ಟಿರುತ್ತಾರೆ. ವಾರಕ್ಕೊಂದು ಹಚ್ಚುತ್ತಾ ಹೋಗುತ್ತಾರೆ. ಸಾಮಾನ್ಯವಾಗಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಗುಲಾಬಿ ಬತ್ತಿ ಉರಿಯಿತು ಅಂದರೆ ಮೂರನೇ ವಾರ ಬಂತು ಅಂತ ಲೆಕ್ಕ.

ಮೊದಲು ಮನೆಗೊಂದು ನಕ್ಷತ್ರ ತನ್ನಿ. ನೀವು ಯಾವ ಜಾತಿ, ಯಾವ ಧರ್ಮ ಅಂತ ನಕ್ಷತ್ರ ಕೇಳುವುದಿಲ್ಲ! ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಬೆಳಗ್ಗೆ ಹೋದರೆ ಆರಾಮಾಗಿ ಆರಿಸಬಹುದು. ಕಾಗದದ್ದು ನೋಡಲು ಚೆಂದ, ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಡಿಸೆಂಬರಿನಲ್ಲೂ ಜಡಿಮಳೆ ಹಿಡಿಯುತ್ತದೆ, ಹಾಗಾಗಿ ತೆರೆದ ಬಾಲ್ಕನಿಗೆ ಪ್ಲಾಸ್ಟಿಕ್ಕಿನದೇ ವಾಸಿ. ಒಳಗೆ ಎಲ್‌ಇಡಿ ಬಲ್ಬನ್ನೇ ಹಾಕಿ. ಹಳೇ ಕಾಲದ ಬಲ್ಬಿನ ಬಿಸಿಗೆ ಕಾಗದ ಸುಟ್ಟೀತು.

ಅಲ್ಲಿಯವರೆಗೆ ಹೋದ ಮೇಲೆ ಪಕ್ಕದ ಸೇಂಟ್ ಮೇರಿ ಬೆಸಿಲಿಕಾಗೆ ಹೋಗದೆ ಬರಬೇಡಿ. ಪೋಪ್ ವಿಶೇಷ ಗೌರವ ಕೊಟ್ಟ ಚರ್ಚಿಗೆ ಬೆಸಿಲಿಕಾ ಅನ್ನುತ್ತಾರೆ, ಕರ್ನಾಟಕದ ಮೊದಲ ಬೆಸಿಲಿಕಾ ಅದು. ಅಲ್ಲಿ ಆರೋಗ್ಯ ಮಾತೆಗೆ, ಅಂದರೆ ಯೇಸುವಿನ ತಾಯಿ ಮೇರಿಗೆ, ಸೀರೆ ಉಡಿಸಿರುತ್ತಾರೆ. ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚಿ ಕೈ ಮುಗಿದು ಹೋಗುತ್ತಾರೆ. ನನಗೆ ಈ ಊರಿನಲ್ಲಿ ತುಂಬ ಇಷ್ಟವಾದ ಜಾಗಗಳಲ್ಲಿ ಅದೂ ಒಂದು.

ದೀಪ ನೋಡಲು ಇನ್ನೊಂದು ಸಂಜೆ ಇಟ್ಟುಕೊಳ್ಳಿ. ಮಂಗಳವಾರವೋ ಬುಧವಾರವೋ ಆದರೆ ಒಳ್ಳೆಯದು. ಕಾರು ಬೇಡ, ಮೆಟ್ರೋ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಯಲ್ಲಿ ಇಳಿಯಿರಿ. ಒಂದು ಕಡೆ ನಡೆದರೆ 1812ರ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಕಬ್ಬನ್ ಪಾರ್ಕಿನ ಹತ್ತಿರ. ವಾಪಸ್ ಬಂದು ಬ್ರಿಗೇಡ್ ರಸ್ತೆಯ ದೀಪಗಳ ಕೆಳಗೆ ನಿಧಾನಕ್ಕೆ ನಡೆದು ಹೋದರೆ ಆ ತುದಿಯಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನ ಜೋಡಿ ಗೋಪುರ ಕಾಣುತ್ತದೆ. ಶಕ್ತಿ ಉಳಿದಿದ್ದರೆ ಮೆಟ್ರೋದಲ್ಲಿ ಮುಂದಿನ ನಿಲ್ದಾಣಕ್ಕೆ ಹೋಗಿ, 1851ರ ಹೋಲಿ ಟ್ರಿನಿಟಿ ಚರ್ಚ್ ಇದೆ. ಆ ಸರ್ಕಲ್ಲಿಗೆ ಹೆಸರು ಬಂದದ್ದೇ ಅದರಿಂದ. ಸ್ವೆಟರ್ ಮರೆಯಬೇಡಿ, ಎಂಟು ಗಂಟೆ ಆಯಿತು ಅಂದರೆ ಚಳಿ ಕಚ್ಚುತ್ತದೆ.

ಕ್ರಿಸ್ಮಸ್ ಅಂದರೆ ಕಂಟೋನ್ಮೆಂಟಿನವರದ್ದು, ಇಂಗ್ಲಿಷಿನದ್ದು ಅಂತ ಅಂದುಕೊಂಡಿದ್ದರೆ ಪೇಟೆ ಕಡೆಗೂ ಬನ್ನಿ. ಕಾರ್ಪೊರೇಷನ್ ಸರ್ಕಲ್ ಹತ್ತಿರದ ಕಲ್ಲಿನ ಚರ್ಚ್ ಇದೆಯಲ್ಲಾ, 1904ರ ಹಡ್ಸನ್ ಸ್ಮಾರಕ ಚರ್ಚ್, ಅಲ್ಲಿ ಆರಾಧನೆ ನಡೆಯುವುದು ಕನ್ನಡದಲ್ಲಿ. ಅವೆನ್ಯೂ ರಸ್ತೆಯ ಗಲಾಟೆಯ ಮಧ್ಯೆ ರೈಸ್ ಸ್ಮಾರಕ ಚರ್ಚ್ ಇದೆ. ಅದು ಬೆಂಜಮಿನ್ ಹೋಲ್ಟ್ ರೈಸ್ ಅವರ ಹೆಸರಿನದ್ದು. ಅವರ ಮಗನೇ ನಮ್ಮ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್. ಪುಸ್ತಕ ಕೊಳ್ಳಲು ಅವೆನ್ಯೂ ರಸ್ತೆಗೆ ಹೋಗುವ ನಾವು ಒಮ್ಮೆಯಾದರೂ ಆ ಗೇಟಿನ ಮುಂದೆ ನಿಲ್ಲಬೇಕು, ಅಲ್ವಾ? ಡಿಸೆಂಬರಿನ ಮಧ್ಯದಿಂದ ಚರ್ಚುಗಳಲ್ಲಿ ಕ್ಯಾರಲ್, ಅಂದರೆ ಕ್ರಿಸ್ಮಸ್ ಹಾಡುಗಳ ಹಾಡುಗಾರಿಕೆ ಇರುತ್ತದೆ. ದಿನ, ಸಮಯ ನೋಟಿಸ್ ಬೋರ್ಡಿನಲ್ಲಿ ಹಾಕಿರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಒಂದು ಕ್ಯಾರಲ್ ಕೇಳಿ ನೋಡಿ.

ಒಳಗೆ ಹೋದಾಗ ಒಂದೇ ವಿಷಯ ನೆನಪಿರಲಿ. ಪೂಜೆಯ ಕೊನೆ ಕೊನೆಗೆ ಎಲ್ಲರೂ ಸಾಲಾಗಿ ಹೋಗಿ ಬಿಳಿ ರೊಟ್ಟಿಯ ಚೂರು ತೆಗೆದುಕೊಳ್ಳುತ್ತಾರೆ. ನಮ್ಮ ಕಣ್ಣಿಗೆ ಅದು ಪ್ರಸಾದದ ಹಾಗೆ ಕಾಣುತ್ತದೆ, ಆದರೆ ಹಾಗಲ್ಲ. ಅದು ದೀಕ್ಷಾಸ್ನಾನ ಪಡೆದ ಕ್ರೈಸ್ತರಿಗೆ ಮಾತ್ರ. ಸುಮ್ನೆ ನಿಮ್ಮ ಜಾಗದಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಫೋಟೋ ಕೂಡ ಬೇಡ.

ಇನ್ನು ತಿಂಡಿ. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿ, ಅದೇ ಬಡಾವಣೆಯ ಥಾಮ್ಸ್ ಬೇಕರಿ, ಎರಡನ್ನೂ ಹಬ್ಬದ ವಾರಕ್ಕೆ ಮುಂಚೆಯೇ ನೋಡಿಬಿಡಿ, ಆಮೇಲೆ ಸಾಲು ರಸ್ತೆಗೆ ಬರುತ್ತದೆ. ಆದರೆ ಪ್ಲಮ್ ಕೇಕನ್ನು ಒಂದು ಸಲ ಮನೆಯಲ್ಲೇ ಮಾಡಿ. ಅದರಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ. ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ, ಇಷ್ಟೇ. ಕೆಲವರು ಇವನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಹಾಕುತ್ತಾರೆ. ನಾವು ಕಿತ್ತಳೆ ರಸದಲ್ಲಿ ಸಣ್ಣ ಉರಿಯಲ್ಲಿ ಕುದಿಸಿ ಒಂದು ರಾತ್ರಿ ಬಿಡುತ್ತೇವೆ. ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆ ಕರಗಿ ಕಡು ಕಂದು ಆದ ಕೂಡಲೇ ಒಲೆ ಆರಿಸಿ, ಬಿಸಿನೀರನ್ನೇ ಸ್ವಲ್ಪ ಸ್ವಲ್ಪ ಹಾಕಿ, ದೂರ ನಿಲ್ಲಿ, ಜೋರಾಗಿ ಸಿಡಿಯುತ್ತದೆ. ಓವನ್ ಇಲ್ಲದಿದ್ದರೆ ಕುಕ್ಕರ್ ಸಾಕು. ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿ.

ಕೇಕಿಗಿಂತ ನನಗೆ ಇಷ್ಟ ಕುಸ್ವಾರ್. ಮಂಗಳೂರಿನ ಕೊಂಕಣಿ ಕ್ರೈಸ್ತರು ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ನಮ್ಮ ಪಕ್ಕದ ಮನೆಯ ಆಂಟಿ ಮಂಗಳೂರಿನವರು. ಪ್ರತಿ ಡಿಸೆಂಬರಿನಲ್ಲೂ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿಕೊಂಡು ಕಿಡಿಯೊ ಮಾಡಿಸುತ್ತಾರೆ. ಮೈದಾ ಮತ್ತು ತೆಂಗಿನ ಹಾಲಿನ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆ ಮೇಲೋ ಒತ್ತಿ ಸುರುಳಿ ಮಾಡಬೇಕು, ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಜೊತೆಗೆ ನಮ್ಮ ಕರ್ಜಿಕಾಯಿಯಂಥ ನೆವ್ರಿ, ಅಚ್ಚಿನಲ್ಲಿ ಕರಿದ ಗುಲಾಬಿ ಹೂವು, ಚಕ್ಕುಲಿ. ನಿಮಗೂ ಅಂಥ ನೆರೆಮನೆ ಇದ್ದರೆ ನಾಚಿಕೆ ಬಿಟ್ಟು ಕೇಳಿ, ಸಹಾಯಕ್ಕೆ ಬರಲಾ ಅಂತ. ಹಿಟ್ಟು ಒತ್ತಲು ಕೈ ಎಷ್ಟಿದ್ದರೂ ಸಾಲದು. ತಟ್ಟೆ ಮನೆಗೆ ಬಂದರೆ ಬರಿದಾಗಿ ವಾಪಸ್ ಕೊಡಬೇಡಿ, ದೀಪಾವಳಿಗೆ ನಾವು ಮಾಡುವ ಹಾಗೇ ಏನಾದರೂ ಇಟ್ಟು ಕೊಡಿ.

ಅನಾಥಾಲಯ, ವೃದ್ಧಾಶ್ರಮಕ್ಕೆ ಏನಾದರೂ ಕೊಡುವ ಮನಸ್ಸಿದ್ದರೆ ಅದನ್ನೂ ಬೇಗ ಮಾಡಿ. ಮೊದಲು ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಕೇಕಿಗಿಂತ ಕಂಬಳಿ ಬೇಕಾಗಿರಬಹುದು.

ಕೊನೆಗೆ ಗೋದಲಿ. ಹುಲ್ಲು, ಕುರಿ, ಹಸು ಇಟ್ಟು ಯೇಸು ಹುಟ್ಟಿದ ಕೊಟ್ಟಿಗೆಯನ್ನು ಚರ್ಚುಗಳಲ್ಲಿ, ಮನೆಗಳಲ್ಲಿ ಕಟ್ಟುತ್ತಾರೆ. ನಮ್ಮ ದಸರಾ ಬೊಂಬೆ ಕೂರಿಸಿದ ಹಾಗೇ ಒಬ್ಬೊಬ್ಬರದ್ದು ಒಂದೊಂದು ಥರ. ಹಬ್ಬಕ್ಕೆ ಮುಂಚೆ ನೋಡಿದರೆ ಮಧ್ಯದ ಹುಲ್ಲಿನ ಹಾಸಿಗೆ ಹೆಚ್ಚಾಗಿ ಖಾಲಿ ಇರುತ್ತದೆ. ಮಗುವನ್ನು ಇಡುವುದು 24ರ ರಾತ್ರಿ. ಮೊದಲ ಸಲ ನೋಡಿದಾಗ ಮಗಳು, "ಪಾಪು ಎಲ್ಲಿ?" ಅಂತ ಕೇಳಿದ್ದಳು. ಈಗ ಹೊಸ ವರ್ಷಕ್ಕೆ ಮುಂಚೆ, ಗಲಾಟೆ ಇಳಿದ ಒಂದು ಬೆಳಗ್ಗೆ, ಪಾಪು ಬಂತಾ ಅಂತ ನೋಡಲು ಅವಳೇ ನನ್ನನ್ನು ಎಳೆದುಕೊಂಡು ಹೋಗುತ್ತಾಳೆ.