ಮೀನಿನ ಬಣ್ಣ ನೋಡಿದೆ, ಬಾಯಿ ನೋಡಲಿಲ್ಲ

ನನ್ನ ಟ್ಯಾಂಕಿನಲ್ಲಿ 12 ನಿಯಾನ್ ಟೆಟ್ರಾಗಳಿದ್ದವು. ಒಂದು ಬೆಳಿಗ್ಗೆ ಎಣಿಸಿದರೆ 11. ಗಿಡದ ಹಿಂದೆ ಎಲ್ಲೋ ಅಡಗಿರಬೇಕು ಅಂದುಕೊಂಡೆ. ಮೂರು ದಿನ ಬಿಟ್ಟು ಎಣಿಸಿದರೆ 9. ಸತ್ತ ಮೀನು ಎಲ್ಲೂ ಕಾಣಲಿಲ್ಲ. ನೀರು ತಿಳಿಯಾಗೇ ಇತ್ತು. ಎರಡು ಏಂಜಲ್ ಮೀನುಗಳು ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ನಡುವೆ ತೇಲುತ್ತಿದ್ದವು. ಅವುಗಳ ಹೊಟ್ಟೆ ಉಬ್ಬಿದ್ದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ತಂದಾಗ ಆ ಏಂಜಲ್‌ಗಳು ಒಂದು ನಾಣ್ಯದಷ್ಟಿದ್ದವು. ಎಂಟು ತಿಂಗಳಲ್ಲಿ ಅಂಗೈಯಷ್ಟಾದವು. ನಿಯಾನ್ ಎಷ್ಟು ಬೆಳೆದರೂ 3-4 ಸೆಂ.ಮೀ., ಅದೂ ಪೆನ್ಸಿಲ್‌ನಷ್ಟು ತೆಳ್ಳಗೆ. ಎರಡೂ ಅಮೆಜಾನ್ ಕಡೆಯ ಮೀನುಗಳು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರದ ನೀರು ಆಗುತ್ತದೆ. ಅದಕ್ಕೇ ಜೋಡಿ ಸರಿ ಅಂತ ನಂಬಿದ್ದೆ. ಆದರೆ ಏಂಜಲ್ ಸಿಕ್ಲಿಡ್ ಜಾತಿಯ ಮೀನು, ಬೇಟೆ ಅದರ ರಕ್ತದಲ್ಲೇ ಇದೆ. ಆ ಹೆಸರಿಟ್ಟವರು ರೆಕ್ಕೆ ನೋಡಿ ಇಟ್ಟಿರಬೇಕು, ಗುಣ ನೋಡಿ ಅಲ್ಲ.

ಈಗ ಯಾವ ಮೀನು ತರಬೇಕಾದರೂ ಮೊದಲು ಬಾಯಿ ನೋಡುತ್ತೇನೆ. ಒಂದರ ಬಾಯಲ್ಲಿ ಇನ್ನೊಂದು ಹಿಡಿಸುವಂತಿದ್ದರೆ ಇವತ್ತಲ್ಲ ನಾಳೆ ನುಂಗುತ್ತದೆ. ಅದು ಕೆಟ್ಟ ಬುದ್ಧಿಯಲ್ಲ, ಹಸಿವು ಅಷ್ಟೇ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಪೂರ್ತಿ ಬೆಳೆದ ಮೀನಿನ ಅಳತೆ. ಮಾರಾಟಕ್ಕೆ ಬರುವವು ಹೆಚ್ಚಾಗಿ ಮರಿಗಳು. ಗಾಜಿನ ಪಾಚಿ ತಿನ್ನುತ್ತದೆ ಅಂತ ಎಲ್ಲರೂ ತರುವ ಸಕ್ಕರ್ ಮೀನನ್ನೇ (ಪ್ಲೆಕೊ) ನೋಡಿ. ಸಾಮಾನ್ಯ ಪ್ಲೆಕೊ ತರುವಾಗ ಬೆರಳುದ್ದ ಇರುತ್ತದೆ, ಬೆಳೆದರೆ 30 ಸೆಂ.ಮೀ. ದಾಟುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲೂ ಜಾಗ ಸಾಲದು. ಪಾಚಿ ತಿನ್ನುವ ಮೀನೇ ಬೇಕು ಅಂದರೆ ಬ್ರಿಸಲ್‌ನೋಸ್ ಪ್ಲೆಕೊ ವಾಸಿ. ಅದು 12-15 ಸೆಂ.ಮೀ.ಗೆ ನಿಲ್ಲುತ್ತದೆ.

ಏಂಜಲ್ ಕಥೆಗೂ ಮುಂಚೆ ನೀರಿನಿಂದ ಏಟು ತಿಂದಿದ್ದೆ. ಮೊದಲ ಟ್ಯಾಂಕು ತಂದ ದಿನ ನೀರು ತುಂಬಿಸಿದೆ, ಫಿಲ್ಟರ್ ಹಾಕಿದೆ, ಮಾರನೇ ದಿನ 8 ಗಪ್ಪಿ ಬಿಟ್ಟೆ. ಐದನೇ ದಿನ ಎಲ್ಲವೂ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಗಾಳಿ ಸಾಲದು ಅಂತ ಇನ್ನೊಂದು ಏರ್ ಪಂಪ್ ಜೋಡಿಸಿದೆ. ಮೂರು ಮಾತ್ರ ಉಳಿದವು.

ಸಮಸ್ಯೆ ಗಾಳಿಯದ್ದಾಗಿರಲಿಲ್ಲ. ಮೀನಿನ ಹೊಲಸು ಮತ್ತು ತಿನ್ನದೆ ಬಿಟ್ಟ ಆಹಾರದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಮಟ್ಟಿಗೆ ಇದ್ದರೆ ಮೀನು ತಡೆದುಕೊಳ್ಳುತ್ತದೆ, ನೀರು ಬದಲಾಯಿಸಿ ಅದನ್ನು ಹೊರಗೆ ಹಾಕಬಹುದು. ಈ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಬೆಳೆಯುವುದು ಫಿಲ್ಟರ್ ಸ್ಪಂಜಿನಲ್ಲಿ. ಹೊಸ ಟ್ಯಾಂಕಿನಲ್ಲಿ ಅವು ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನನ್ನ ಗಪ್ಪಿಗಳಿಗೆ ಸಿಕ್ಕಿದ್ದು ಒಂದು ದಿನ.

ಎರಡನೇ ಟ್ಯಾಂಕು ತಂದಾಗ ಮೀನು ಬಿಡದೆ, ಖಾಲಿ ಟ್ಯಾಂಕಿಗೇ ದಿನಾ ಒಂದು ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟೆ. ಮನೆಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಖಾಲಿ ನೀರಿಗೆ ಊಟ ಹಾಕುವವನನ್ನು ಇನ್ನು ಹೇಗೆ ನೋಡುತ್ತಾರೆ, ಅಲ್ವಾ? ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿತು, ಆಮೇಲೆ ನೈಟ್ರೈಟ್. ಐದನೇ ವಾರ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿತು. ಅಲ್ಲಿಂದ ಮುಂದೆಯೂ ಎಲ್ಲಾ ಮೀನುಗಳನ್ನು ಒಟ್ಟಿಗೆ ಬಿಡಲಿಲ್ಲ. ಮೀನು ಹೆಚ್ಚಿದ ಹಾಗೆ ಬ್ಯಾಕ್ಟೀರಿಯಾಗಳೂ ಹೆಚ್ಚಬೇಕು, ಅದಕ್ಕೆ ಸಮಯ ಕೊಡಬೇಕು. ಇಷ್ಟೆಲ್ಲಾ ಮಾಡಿದವನೇ ಒಂದು ದಿನ ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದುಬಿಟ್ಟೆ. ನಲ್ಲಿ ನೀರಿನ ಕ್ಲೋರಿನ್‌ಗೆ ಬ್ಯಾಕ್ಟೀರಿಯಾಗಳು ಸತ್ತು ಕಥೆ ಮೊದಲಿನಿಂದ ಶುರುವಾಯಿತು. ಈಗ ಟ್ಯಾಂಕಿನಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಸ್ಪಂಜನ್ನು ಸುಮ್ನೆ ಎರಡು ಸಲ ಹಿಂಡುತ್ತೇನೆ, ಅಷ್ಟೇ.

ಆಗ ಉಳಿದ ಮೂರು ಗಪ್ಪಿಗಳು ಈ ಹೊತ್ತಿಗೆ ಮರಿ ಹಾಕಿ ಬೆಳೆದಿದ್ದವು. ನಮ್ಮ ನೀರು ಸ್ವಲ್ಪ ಗಡಸು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅಂಥ ನೀರೇ ಇಷ್ಟ. ನಿಯಾನ್‌ಗೆ ಬೇಕಾದ್ದು ಮೆದು ನೀರು. ಸಾಕಾಣಿಕೆಯಲ್ಲಿ ಹುಟ್ಟಿದ ನಿಯಾನ್‌ಗಳು ಹೊಂದಿಕೊಳ್ಳುತ್ತವೆ ನಿಜ, ಆದರೆ ಮೋಲಿ ಕುಣಿದಾಡುವ ನೀರಿನಲ್ಲಿ ಅವು ಕುಣಿಯುವುದಿಲ್ಲ. ಗೋಲ್ಡ್ ಫಿಶ್ ಮಾತು ಬೇರೆಯೇ. ಅದಕ್ಕೆ 18-22 ಡಿಗ್ರಿಯ ತಣ್ಣನೆ ನೀರು ಚೆನ್ನ, ಉಷ್ಣವಲಯದ ಮೀನುಗಳಿಗೆ 24-26. ಜೊತೆಗೆ ಅದು ಮಾಡುವ ಗಲೀಜೂ ಜಾಸ್ತಿ. ಇವೆರಡನ್ನು ಒಂದೇ ಟ್ಯಾಂಕಿನಲ್ಲಿ ಇಟ್ಟರೆ ಯಾರಿಗೋ ಒಬ್ಬರಿಗೆ ದಿನಾ ಕಷ್ಟ.

ಟೈಗರ್ ಬಾರ್ಬ್‌ಗಳ ವಿಷಯಕ್ಕೆ ಬರುತ್ತೇನೆ. ಇವುಗಳ ಬಗ್ಗೆ ಎಲ್ಲರೂ ರೌಡಿಗಳು ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಮೂರು ತಂದು ಗೌರಾಮಿ ಇದ್ದ ಟ್ಯಾಂಕಿಗೆ ಬಿಟ್ಟಿದ್ದೆ. ಗೌರಾಮಿಗೆ ಹೊಟ್ಟೆಯ ಕೆಳಗೆ ದಾರದಂಥ ಎರಡು ಉದ್ದ ರೆಕ್ಕೆಗಳಿರುತ್ತವೆ, ಅವುಗಳಿಂದ ತಡವಿ ತಡವಿ ಅದು ಸುತ್ತಮುತ್ತ ತಿಳಿದುಕೊಳ್ಳುತ್ತದೆ. ಎರಡೇ ದಿನದಲ್ಲಿ ಬಾರ್ಬ್‌ಗಳು ಆ ದಾರಗಳನ್ನು ಕಚ್ಚಿ ಮೋಟು ಮಾಡಿದ್ದವು. ಗೌರಾಮಿ ಮೂಲೆ ಸೇರಿ ಊಟ ಬಿಟ್ಟಿತು. ಸಿಟ್ಟು ಬಂದು ಬಾರ್ಬ್‌ಗಳನ್ನು ಬೇರೆ ಟ್ಯಾಂಕಿಗೆ ಹಾಕಿದೆ. ಅಲ್ಲಿ ಮೂರರಲ್ಲಿ ಬಲವಾದದ್ದು ಉಳಿದೆರಡನ್ನು ಬೆನ್ನಟ್ಟಿ ಬೆನ್ನಟ್ಟಿ ಸುಸ್ತು ಮಾಡಿತು.

ಅನುಭವಸ್ಥರೊಬ್ಬರು ಹೇಳಿದ್ದು ನನಗೆ ತಲೆಕೆಳಗಾಗಿ ಕೇಳಿಸಿತು: ಇನ್ನೂ ಏಳು ತಂದು ಬಿಡು. ಮೂರರ ಕಾಟವೇ ಇಷ್ಟಿರುವಾಗ ಹತ್ತಾ? ಧೈರ್ಯ ಮಾಡಿ ತಂದೆ. ಒಂದು ವಾರದಲ್ಲಿ ಚಿತ್ರವೇ ಬದಲಾಯಿತು. ಹಿಂಡಿನಲ್ಲಿ ಮೇಲು ಕೀಳು ತೀರ್ಮಾನ ಮಾಡಿಕೊಳ್ಳುವುದೇ ಅವುಗಳಿಗೆ ದಿನದ ಕೆಲಸ. ಹತ್ತು ಇದ್ದರೆ ಏಟು ಹತ್ತರ ಮೇಲೆ ಹಂಚಿಹೋಗುತ್ತದೆ, ಒಂದೇ ಮೀನು ಸಾಯುವವರೆಗೆ ಒದೆ ತಿನ್ನುವುದಿಲ್ಲ. ಹಿಂಡಿನ ಮೀನನ್ನು ಎರಡೋ ಮೂರೋ ತಂದರೆ ನಾವೇ ಅದನ್ನು ರೌಡಿ ಮಾಡಿದ ಹಾಗೆ. ಹಾಗಂತ ಹತ್ತು ಇದ್ದರೂ ಉದ್ದ ರೆಕ್ಕೆಯ ಮೀನನ್ನು ಅವುಗಳ ಜೊತೆ ನಾನು ಬಿಡುವುದಿಲ್ಲ. ಆಸೆ ಹುಟ್ಟಿಸಬಾರದು. ಫೈಟರ್ ಮೀನಿನ (ಬೆಟ್ಟಾ) ಜೊತೆ ಉದ್ದ ಬಾಲದ ಗಂಡು ಗಪ್ಪಿಯನ್ನೂ ಬಿಡುವುದಿಲ್ಲ. ಆ ಬಾಲ ನೋಡಿ ಇನ್ನೊಂದು ಫೈಟರ್ ಬಂತು ಅಂತ ಅದು ಮೇಲೆ ಬೀಳಬಹುದು.

ಈಗಿನ ಮುಖ್ಯ ಟ್ಯಾಂಕು ಮೂರಡಿ ಉದ್ದದ್ದು, ಮರಳು ಗಿಡ ಕಳೆದರೆ ಸುಮಾರು 130 ಲೀಟರ್ ನೀರು. ನಡುವೆ 10 ಹಾರ್ಲೆಕ್ವಿನ್ ರಾಸ್ಬೊರಾ, ತಳದಲ್ಲಿ 6 ಕೋರಿಡೋರಸ್, ಒಂದು ಹನಿ (ಜೇನು) ಗೌರಾಮಿ. ಒಬ್ಬರ ದಾರಿಗೆ ಇನ್ನೊಬ್ಬರು ಬರುವುದಿಲ್ಲ. ಕೋರಿಗಳು ಮೀಸೆಯಿಂದ ತಳ ಕೆದಕಿ ತಿನ್ನುತ್ತವೆ, ಅದಕ್ಕೆ ಚೂಪು ಜಲ್ಲಿ ತೆಗೆದು ನುಣ್ಣನೆ ಮರಳು ಹಾಕಿದೆ. ಅವು ಆಗಾಗ ಸರ್ರನೆ ಮೇಲೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಬರುತ್ತವೆ. ಮೊದಲ ಸಲ ನೋಡಿದಾಗ ಮತ್ತೆ ಅಮೋನಿಯಾ ಅಂತ ಎದೆ ಧಸಕ್ಕೆಂದಿತ್ತು. ಅದು ಅವುಗಳ ಸಹಜ ಅಭ್ಯಾಸ.

ಇಷ್ಟು ಹೊಂದಿಕೊಂಡ ಟ್ಯಾಂಕನ್ನೂ ಒಮ್ಮೆ ಕೆಡಿಸಿದೆ. ಈ ಹತ್ತು ರಾಸ್ಬೊರಾಗಳಲ್ಲಿ ನಾಲ್ಕನ್ನು ಆಮೇಲೆ ತಂದದ್ದು. ಅವನ್ನು ನೇರವಾಗಿ ಬಿಟ್ಟೆ. ಐದನೇ ದಿನ ರೆಕ್ಕೆಗಳ ಮೇಲೆ ಉಪ್ಪು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ಇಕ್ ಅನ್ನುತ್ತಾರೆ. ಚುಕ್ಕೆಯೊಳಗಿರುವ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಮೀನು ಬಿಟ್ಟು ಕೆಳಗೆ ಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಚುಕ್ಕೆ ಹೋಯಿತು ಅಂತ ಔಷಧಿ ನಿಲ್ಲಿಸಬಾರದು. ನಾನು ನಿಲ್ಲಿಸಿದ್ದೆ, ಮತ್ತೆ ಬಂತು. ಎರಡನೇ ಸುತ್ತಿನಲ್ಲಿ ಪೂರ್ತಿ ಮುಗಿಸಿದೆ. ಆಮೇಲಿಂದ ಹೊಸ ಮೀನು ಯಾವುದೇ ಇರಲಿ, ಸಣ್ಣ ಟ್ಯಾಂಕಿನಲ್ಲಿ ಮೂರು ವಾರ ಬೇರೆ ಇರಬೇಕು.

ಉಳಿದ ಆರೈಕೆಯಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಊಟ. ಅವು ಯಾವಾಗಲೂ ಹಸಿದವರ ಹಾಗೆ ಗಾಜಿಗೆ ಬರುತ್ತವೆ. ನಂಬಬೇಡಿ.

ಏಂಜಲ್‌ಗಳು ಈಗ ದೊಡ್ಡ ಟ್ಯಾಂಕಿರುವ ಗೆಳೆಯನ ಮನೆಯಲ್ಲಿವೆ, ಉಳಿದ ನಿಯಾನ್‌ಗಳು ನನ್ನ ಎರಡಡಿ ಟ್ಯಾಂಕಿನಲ್ಲಿ. ಮೂರಡಿಯದರ ಮೇಲ್ಭಾಗ ಇನ್ನೂ ಖಾಲಿ ಇದೆ. ಹ್ಯಾಚೆಟ್ ಮೀನು ಬಿಡುವ ಆಸೆ. ಸಣ್ಣ ಬಾಯಿ, ಸಾಧು ಸ್ವಭಾವ, ಮೆದು ನೀರಿನವು. ನೀರನ್ನೂ ಹೇಗೋ ಹೊಂದಿಸಬಹುದು. ಆದರೆ ಬೆದರಿದರೆ ನೀರಿನಿಂದ ಆಚೆಗೇ ಹಾರುತ್ತವೆ, ಮುಚ್ಚಳದಲ್ಲಿ ಪೈಪಿಗೆಂದು ನಾನು ಕೊರೆದ ತೂತು ಮೂರು ಬೆರಳು ಅಗಲ ಇದೆ. ಅದನ್ನು ಮುಚ್ಚುವವರೆಗೆ ತರುವುದಿಲ್ಲ.