ಇನ್‌ಸ್ಟಾಗ್ರಾಂ ಬಯೋದಲ್ಲಿ ಕನ್ನಡ ಅಕ್ಷರಕ್ಕೆ ಗೀಟು ಹಾಕುವುದು ಹೇಗೆ?

ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ~ ಹಾಕಿದರೆ ಸಾಕು, ಅಡ್ಡಗೀಟು ತಾನಾಗೇ ಬರುತ್ತದೆ. ಇನ್‌ಸ್ಟಾಗ್ರಾಂ ಬಯೋದಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ₹5̶0̶0̶ 350 ಅಂತ ಹಳೇ ಬೆಲೆ ಹೊಡೆದುಹಾಕಿ ತೋರಿಸಬೇಕಾ? ಅದಕ್ಕೆ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಯುನಿಕೋಡ್‌ನ ಕಂಬೈನಿಂಗ್ ಕ್ಯಾರೆಕ್ಟರ್ ಬೇಕು.

ಇವು ಒಂಟಿಯಾಗಿ ನಿಲ್ಲುವ ಅಕ್ಷರಗಳಲ್ಲ. ಹಿಂದಿನ ಅಕ್ಷರದ ಮೇಲೋ ಕೆಳಗೋ ನಡುವೆಯೋ ಹೋಗಿ ಕೂರುತ್ತವೆ. ನಮಗೇನೂ ಹೊಸದಲ್ಲ ಬಿಡಿ, ‘ಕಿ’ ಅಂದರೆ ಕಂಪ್ಯೂಟರಿಗೆ ‘ಕ’ ಮತ್ತು ಅದರ ಹಿಂದೆಯೇ ಬರುವ ಗುಡಿಸು, ಅಷ್ಟೇ.

ಮುಖ್ಯವಾಗಿ ಬೇಕಾಗುವುದು ನಾಲ್ಕು ಕೋಡ್: ಅಡ್ಡಗೀಟಿಗೆ 0336, ಅಡಿಗೆರೆಗೆ 0332, ಮೇಲ್ಗೆರೆಗೆ 0305, ಓರೆಗೀಟಿಗೆ 0338. ವಿಂಡೋಸ್ ಕಂಪ್ಯೂಟರಿನ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಖಾಲಿ ಸಾಲಿನಲ್ಲಿ 0336 ಅಂತ ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಬಂದ ಗೀಟನ್ನು ಕಾಪಿ ಮಾಡಿಕೊಂಡು ಪ್ರತಿ ಅಕ್ಷರ ಆದಮೇಲೂ ಒಂದೊಂದು ಪೇಸ್ಟ್ ಮಾಡುತ್ತಾ ಹೋಗಿ. ಖಾಲಿ ಸಾಲೇ ಯಾಕೆ ಅಂದರೆ, 5ರ ಪಕ್ಕದಲ್ಲೇ 0336 ಬರೆದರೆ ವರ್ಡ್ ಅದನ್ನು 50336 ಅಂತ ಓದಿ ಬೇರೆ ಏನನ್ನೋ ತಂದಿಡುತ್ತದೆ.

ಇನ್ನು ಕನ್ನಡದ ತಕರಾರು. ಆನ್‌ಲೈನಿನಲ್ಲಿ ಸಿಗುವ ಎಷ್ಟೋ ಸ್ಟೈಲಿಶ್ ಟೆಕ್ಸ್ಟ್ ಟೂಲ್‌ಗಳು ಇಂಗ್ಲಿಷ್ ನೋಡಿ ಮಾಡಿದವು, ಪ್ರತಿ ಕೋಡ್ ಆದಮೇಲೂ ಗೀಟು ತುರುಕುತ್ತವೆ. ‘ಕಿ’ಯಲ್ಲಿ ‘ಕ’ಕ್ಕೂ ಗುಡಿಸಿಗೂ ನಡುವೆ ಗೀಟು ಬಂದುಬಿಟ್ಟರೆ ಗುಡಿಸು ಬೇರೆಯಾಗಿ ಚುಕ್ಕೆವೃತ್ತದ ಮೇಲೆ ಹೋಗಿ ಕೂರುತ್ತದೆ. ‘ಕ್ಷ’ ಆದರೆ ಒತ್ತಕ್ಷರವೇ ಒಡೆಯುತ್ತದೆ. ಹಾಗಾಗಿ ಕಾಗುಣಿತ, ಒತ್ತು, ಸೊನ್ನೆ ಎಲ್ಲಾ ಮುಗಿದಮೇಲೆ ಗೀಟು ಹಾಕಿ. ಬ̶ರ̶ಹ̶ ತರಹದ ಸರಳ ಪದ ಆರಿಸಿಕೊಂಡರೆ ತಲೆನೋವೇ ಇಲ್ಲ.

‘ಕ್’ ತರಹ ಅರ್ಧಾಕ್ಷರದಲ್ಲಿ ಮುಗಿಯುವ ಪದಕ್ಕೆ ಮಾತ್ರ ಅಡ್ಡಗೀಟು ಬೇಡ, ಅಡಿಗೆರೆ ಹಾಕಿ. ಕೆಲವು ಸಾಫ್ಟ್‌ವೇರ್‌ಗಳು ಪಠ್ಯವನ್ನು ಉಳಿಸುವಾಗ ಯುನಿಕೋಡ್ ನಿಯಮದಂತೆ ಚಿಹ್ನೆಗಳ ಕ್ರಮ ಸರಿಪಡಿಸುತ್ತವೆ. ಆ ಕ್ರಮದಲ್ಲಿ 0336 ಹಲಂತಕ್ಕಿಂತ (‘ಕ’ವನ್ನು ‘ಕ್’ ಮಾಡುವ ಚಿಹ್ನೆ) ಮೊದಲು ಬರಬೇಕು, 0332 ಆಮೇಲೆ. ನೀವು ಸರಿಯಾಗಿ ಹಾಕಿದ್ದರೂ ಅಡ್ಡಗೀಟು ನಡುವೆ ನುಗ್ಗಬಹುದು.

ಅಂದಹಾಗೆ, ದಪ್ಪ ಮತ್ತು ಓರೆ ಇಂಗ್ಲಿಷ್ ಅಕ್ಷರಗಳ ಬಯೋ ನೋಡಿರುತ್ತೀರಲ್ವಾ, ಅವು ಬೇರೆಯೇ ಜಾತಿ. ಗಣಿತಕ್ಕೆಂದು ಇಟ್ಟ ಪ್ರತ್ಯೇಕ ಅಕ್ಷರಗಳು ಅವು, ಕನ್ನಡದಲ್ಲಿ ಅಂಥವು ಇಲ್ಲ. ಒಂದೇ ಅಕ್ಷರದ ಮೇಲೆ ಹತ್ತಾರು ಚಿಹ್ನೆ ಪೇರಿಸಿ ದೆವ್ವ ಹಿಡಿದಂತೆ ಕಾಣಿಸುವ ಬರಹಕ್ಕೆ ಝಾಲ್ಗೋ ಅಂತಾರೆ. ಒಂದು ಸಲ ನೋಡಲು ಮಜಾ, ಆಮೇಲೆ ಕಿರಿಕಿರಿ.

ಅಂಗಡಿ ಹೆಸರು, ಫೋನ್ ನಂಬರ್, ವಿಳಾಸಕ್ಕೆ ಇದನ್ನು ಹಾಕಲೇಬೇಡಿ. ಅಕ್ಷರಗಳ ನಡುವೆ ಗೀಟಿನ ಕೋಡ್ ಇರುವುದರಿಂದ ಹುಡುಕಿದರೆ ಸಿಗದೇ ಹೋಗಬಹುದು, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಎಡವುತ್ತದೆ. ಕೊನೆಗೆ ಇನ್ನೊಬ್ಬರ ಫೋನಿನಲ್ಲೂ ತೆಗೆದು ನೋಡಿ. ಫಾಂಟ್ ಬದಲಾದರೆ ಗೀಟು ಜಾರುತ್ತದೆ, ಅಗಲ ಅಕ್ಷರಗಳ ನಡುವೆ ಸಂದಿ ಬೀಳುತ್ತದೆ. ಗೀಟು ಬೇಡ ಅನಿಸಿದರೆ ಅಕ್ಷರದ ಪಕ್ಕ ಕರ್ಸರ್ ಇಟ್ಟು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ, ಸಾಮಾನ್ಯವಾಗಿ ಗೀಟು ಮಾತ್ರ ಹೋಗಿ ಅಕ್ಷರ ಉಳಿಯುತ್ತದೆ.