ಮದುವೆಯಾಗಿ ಜರ್ಮನಿಗೆ ಹೊರಟಿದ್ದೀರಾ? ವೀಸಾ ಜೊತೆಗೇ ಭಾಷೆಯೂ ಶುರುವಾಗಲಿ

ಗಂಡನಿಗೋ ಹೆಂಡತಿಗೋ ಜರ್ಮನಿಯಲ್ಲಿ ಕೆಲಸ. ಮದುವೆ ಮುಗಿದಿದೆ, ಇನ್ನೊಬ್ಬರು ಹೋಗಿ ಸೇರಿಕೊಳ್ಳಬೇಕು. ಇದಕ್ಕೆ ಟೂರಿಸ್ಟ್ ವೀಸಾ ಸಾಲದು. ಅದು ಷೆಂಗೆನ್ ವೀಸಾ, ಅದರಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಂಡರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. ನಿಮಗೆ ಬೇಕಿರುವುದು ನ್ಯಾಷನಲ್ ವೀಸಾ, ಅಂದರೆ ಡಿ ವೀಸಾ. ಅದರಲ್ಲಿ ಕುಟುಂಬ ಸೇರುವವರಿಗೆಂದೇ ಒಂದು ವರ್ಗ ಇದೆ.

ಮೊದಲು ಅವರ ಕಾರ್ಡ್ ನೋಡಿ

ಅಲ್ಲಿರುವವರ ಕೈಯಲ್ಲಿ ಯಾವ ಪರವಾನಗಿ ಇದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಇಯು ಬ್ಲೂ ಕಾರ್ಡ್, ಅಂದರೆ ಉನ್ನತ ಅರ್ಹತೆಯ ಕೆಲಸಗಾರರಿಗೆ ಕೊಡುವ ಪರವಾನಗಿ, ಇದ್ದರೆ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆಯಿಂದ ವಿನಾಯಿತಿ. ಬೆಂಗಳೂರಿನಿಂದ ಹೋಗುವ ಐಟಿ ಕುಟುಂಬಗಳಲ್ಲಿ ಎಷ್ಟೋ ಮಂದಿ ಈ ಗುಂಪಿನವರೇ. ಆದರೆ ಸಂಗಾತಿ ಈಗಾಗಲೇ ಜರ್ಮನ್ ಪೌರತ್ವ ಪಡೆದವರಾದರೆ ನಿಮಗೆ ಸಾಮಾನ್ಯವಾಗಿ ಎ1, ಅಂದರೆ ಜರ್ಮನ್ ಭಾಷೆಯ ಮೊದಲ ಮಟ್ಟದ ಸರ್ಟಿಫಿಕೇಟ್ ಬೇಕೇ ಬೇಕು. ಆದ್ದರಿಂದ ಕಾರ್ಡಿನ ಎರಡೂ ಬದಿಯ ಫೋಟೋ ತರಿಸಿಕೊಳ್ಳಿ. ಅದರಲ್ಲಿ ಏನು ಬರೆದಿದೆ ಎಂದು ಓದಿ, ಕಾನ್ಸುಲೇಟ್ ವೆಬ್‌ಸೈಟಿನಲ್ಲಿರುವ ಪಟ್ಟಿಗೆ ಹೋಲಿಸಿ ನೋಡಿ.

ಎ1: ವಿನಾಯಿತಿ ಇದ್ದರೂ ಕಲಿಯಿರಿ

ವಿನಾಯಿತಿ ಸಿಗುವುದು ವೀಸಾಕ್ಕೆ ಮಾತ್ರ, ಬದುಕಿಗಲ್ಲ. ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಆಫೀಸಿಗೆ ಹೋಗುವವರಿಗೆ ಇಂಗ್ಲಿಷಿನಲ್ಲೇ ದಿನ ಕಳೆಯುತ್ತದೆ. ಮನೆಯಲ್ಲಿ ಉಳಿದವರಿಗೆ ಎದುರಾಗುವುದು ಡಾಕ್ಟರ್ ಕ್ಲಿನಿಕ್‌ನ ಫೋನ್, ಮಗುವಿನ ಶಾಲೆಯ ಚೀಟಿ, ಕಸದ ಡಬ್ಬಿಯ ಬಗ್ಗೆ ಮನೆ ಮಾಲೀಕರ ಪತ್ರ. ಇವೆಲ್ಲ ಜರ್ಮನ್‌ನಲ್ಲೇ ಇರುತ್ತವೆ. ಓದುಬರಹ ಬಲ್ಲ, ಇಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಅಲ್ಲಿ ಹೋಗಿ ಪ್ರತಿಯೊಂದಕ್ಕೂ ಗಂಡನ ದಾರಿ ಕಾಯುವ ಹಾಗಾಗುವುದು ನೋಡಿದರೆ ಸಂಕಟವಾಗುತ್ತದೆ. ವೀಸಾ ಬರುವವರೆಗೆ ಕಾಯುವ ತಿಂಗಳುಗಳೇ ಕಲಿಯಲು ಒಳ್ಳೆಯ ಸಮಯ.

ಬೆಂಗಳೂರಿನಲ್ಲಿ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಪಾಠವನ್ನೂ ಪರೀಕ್ಷೆಯನ್ನೂ ನಡೆಸುತ್ತದೆ. ಟೆಲ್ಕ್ ಮತ್ತು ಓಎಸ್‌ಡಿ ಎಂಬ ಜರ್ಮನ್ ಪರೀಕ್ಷೆಗಳ ಸರ್ಟಿಫಿಕೇಟ್‌ಗಳಿಗೂ ಮಾನ್ಯತೆ ಇದೆ. ಬೀದಿ ಬದಿಯ ಕೋಚಿಂಗ್ ಸೆಂಟರ್ ತಾನೇ ಕೊಡುವ ಸರ್ಟಿಫಿಕೇಟ್ ನಡೆಯುವುದಿಲ್ಲ. ಪಾಠ ಎಲ್ಲಿ ಬೇಕಾದರೂ ಕಲಿಯಿರಿ, ಪರೀಕ್ಷೆ ಮಾತ್ರ ಮಾನ್ಯತೆ ಇರುವಲ್ಲೇ ಬರೆಯಿರಿ.

ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪಾಸಾಗಲು 100ಕ್ಕೆ 60 ಬೇಕು. ಬರವಣಿಗೆಯಲ್ಲಿ ಒಂದು ಫಾರಂ ತುಂಬಿಸಬೇಕು, ಸುಮಾರು 30 ಪದಗಳ ಸಣ್ಣ ಪತ್ರ ಬರೆಯಬೇಕು. ಮಾತಿನ ಭಾಗದಲ್ಲಿ ನಿಮ್ಮ ಪರಿಚಯ ಹೇಳಬೇಕು: ಹೆಸರು, ವಯಸ್ಸು, ದೇಶ, ಊರು, ಗೊತ್ತಿರುವ ಭಾಷೆಗಳು, ಕೆಲಸ, ಹವ್ಯಾಸ. ಆಮೇಲೆ ಹೆಸರನ್ನೋ ಇನ್ನಾವುದೋ ಪದವನ್ನೋ ಅಕ್ಷರ ಬಿಡಿಸಿ ಹೇಳಿ ಎನ್ನುತ್ತಾರೆ. ನಮ್ಮವರು ತಡವರಿಸುವುದು ಇಲ್ಲೇ. ವಿಜಯ ಎಂಬ ಹೆಸರನ್ನು ಅಲ್ಲಿ 'ಫೌ, ಈ, ಯೋಟ್, ಆ, ಇಪ್ಸಿಲೋನ್, ಆ' ಎಂದು ಬಿಡಿಸಬೇಕು. ಇಂಗ್ಲಿಷಿನಲ್ಲಿ ನಾವು 'ಈ' ಎನ್ನುವ ಅಕ್ಷರ ಜರ್ಮನ್‌ನಲ್ಲಿ 'ಏ'. ನಾವು 'ಐ' ಎನ್ನುವುದು ಅಲ್ಲಿ 'ಈ'. ನಿಮ್ಮ ಹೆಸರು, ಅಪ್ಪನ ಹೆಸರು, ಬೀದಿಯ ಹೆಸರು, ಫೋನ್ ನಂಬರ್ ಇವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಅಭ್ಯಾಸ ಮಾಡಿ. ಜರ್ಮನಿಯಲ್ಲಿ ಫೋನ್ ಎತ್ತಿದಾಗಲೆಲ್ಲ ಇದು ಬೇಕಾಗುತ್ತದೆ.

ಕಾಗದಪತ್ರ

ಮದುವೆ ಆಮಂತ್ರಣ, ಫೋಟೋ ಆಲ್ಬಂ, ಛತ್ರದ ರಸೀದಿ ಇವು ಮದುವೆ ಸರ್ಟಿಫಿಕೇಟ್ ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಕರ್ನಾಟಕದಲ್ಲಿ ಕಾವೇರಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಮದುವೆಯಾದ ವಾರದಲ್ಲೇ, ಅಲ್ಲಿರುವವರು ರಜೆ ಮುಗಿಸಿ ವಾಪಸ್ ಹೊರಡುವ ಮೊದಲೇ ಇದನ್ನು ಮುಗಿಸಿಬಿಡಿ.

ನಮ್ಮಲ್ಲಿ ಜಾಸ್ತಿ ತೊಂದರೆ ಕೊಡುವುದು ಇನಿಷಿಯಲ್. ಆಧಾರ್‌ನಲ್ಲಿ ಒಂದು ಅಕ್ಷರ, ಅಂಕಪಟ್ಟಿಯಲ್ಲಿ ಎರಡು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೋ ಅಪ್ಪನ ಹೆಸರೋ ಪೂರ್ತಿ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಜರ್ಮನ್ ಕಚೇರಿಗಳಲ್ಲಿ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡು ಖಾನೆ ಇರುತ್ತವೆ, ಎರಡನ್ನೂ ತುಂಬಬೇಕು. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಎ1 ಸರ್ಟಿಫಿಕೇಟ್ ಮೂರರಲ್ಲೂ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರಲಿ. ತಿದ್ದುಪಡಿ ಬೇಕಿದ್ದರೆ ಅರ್ಜಿಗೆ ಮುಂಚೆ ಮಾಡಿಸಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಅನುವಾದ ಬೇಕು.

ಅಲ್ಲಿರುವವರು ಕಳಿಸಬೇಕಾದದ್ದು ಪಾಸ್‌ಪೋರ್ಟ್ ಮತ್ತು ಕಾರ್ಡಿನ ಪ್ರತಿ, ವಿಳಾಸ ನೋಂದಣಿ ಪತ್ರ, ಇತ್ತೀಚಿನ ಸಂಬಳದ ಚೀಟಿಗಳು, ಮನೆ ಬಾಡಿಗೆ ಕರಾರು.

ಅರ್ಜಿ

ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಪೋರ್ಟಲ್‌ನಲ್ಲಿ ತುಂಬಬಹುದು. ಕರ್ನಾಟಕದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಸೇರುತ್ತದೆ. ದೊಡ್ಡವರಿಗೆ ಶುಲ್ಕ ಸಾಮಾನ್ಯವಾಗಿ 75 ಯೂರೋ, ಅದನ್ನು ರೂಪಾಯಿಯಲ್ಲಿ ಕಟ್ಟಬೇಕು. ಬೆರಳಚ್ಚು ಕೊಡಲು ಮತ್ತು ಮೂಲ ದಾಖಲೆ ತೋರಿಸಲು ಒಮ್ಮೆ ಖುದ್ದಾಗಿ ಹೋಗಬೇಕು. ಅನೇಕ ಪ್ರಕರಣಗಳಲ್ಲಿ ಸಂಗಾತಿ ಇರುವ ಊರಿನ ವಿದೇಶಿಯರ ಕಚೇರಿ ಕೂಡ ಒಪ್ಪಬೇಕು, ತಡವಾಗುವುದು ಅಲ್ಲೇ. ಪಾಸ್‌ಪೋರ್ಟ್ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ.

ಇಳಿದ ಮೇಲೆ

ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ನೀವು ಆ ಮನೆಯಲ್ಲಿ ಇದ್ದೀರಿ ಎಂದು ಮಾಲೀಕರು ಸಹಿ ಮಾಡಿದ ಪತ್ರ ಜೊತೆಗಿರಲಿ. ಅದೇ ದಿನ ಕೆಳಗಿನ ಟಪಾಲು ಡಬ್ಬಿಯ ಮೇಲೆ ನಿಮ್ಮ ಹೆಸರನ್ನೂ ಅಂಟಿಸಿ. ಗಂಡ ಹೆಂಡತಿಯ ಸರ್‌ನೇಮ್ ಬೇರೆ ಬೇರೆ ಇರುವುದು ನಮ್ಮಲ್ಲಿ ಮಾಮೂಲು, ಅಲ್ವಾ? ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ಪತ್ರ ವಾಪಸ್ ಒಯ್ಯುತ್ತಾರೆ. ತೆರಿಗೆ ನಂಬರ್, ವಿಮೆಯ ಕಾರ್ಡ್, ಕಚೇರಿಯ ಪತ್ರ ಎಲ್ಲ ಟಪಾಲಿನಲ್ಲೇ ಬರುವ ದೇಶ ಅದು.

ನಂತರ ವಿದೇಶಿಯರ ಕಚೇರಿ, ಔಸ್‌ಲೆಂಡರ್‌ಬೆಹೋರ್ಡೆ. ವಾಸದ ಪರವಾನಗಿಗೆ ವೀಸಾ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿ. ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ತಲುಪಿದ ಮೊದಲ ವಾರವೇ ಕೇಳಿ. ಕಾರ್ಡ್ ಬರುವುದು ತಡವಾದರೆ ಮಧ್ಯಂತರ ಪತ್ರ ಕೊಡುತ್ತಾರೆ. ಸಂಗಾತಿಯಾಗಿ ಬಂದವರಿಗೆ ಕೆಲಸ ಮಾಡುವ ಅನುಮತಿಯೂ ಇರುತ್ತದೆ. ಡಿಪೆಂಡೆಂಟ್ ಎಂದರೆ ಸುಮ್ನೆ ಕೂರಬೇಕು ಎಂದುಕೊಂಡು ವರ್ಷಗಟ್ಟಲೆ ಕಳೆಯಬೇಡಿ.

ಇಂಟಿಗ್ರೇಷನ್ ಕೋರ್ಸ್

ಸರಳವಾಗಿಯೂ ಜರ್ಮನ್ ಮಾತಾಡಲು ಬರದಿದ್ದರೆ ವಿದೇಶಿಯರ ಕಚೇರಿ ನಿಮ್ಮನ್ನು ಈ ಕೋರ್ಸ್‌ಗೆ ಸೇರಲೇಬೇಕು ಎನ್ನಬಹುದು. ಸಾಮಾನ್ಯ ಕೋರ್ಸ್‌ನಲ್ಲಿ ಒಟ್ಟು 700 ಪೀರಿಯಡ್: 600 ಭಾಷೆಗೆ, 100 ದೇಶದ ಕಾನೂನು, ಇತಿಹಾಸ, ಸಮಾಜದ ಬಗ್ಗೆ. ಭಾಷಾ ಪರೀಕ್ಷೆಯ ಗುರಿ ಬಿ1, ಅಂದರೆ ಮಧ್ಯಮ ಮಟ್ಟ. ಪದವಿ ಇರುವವರಿಗೆ ಕೆಲವೊಮ್ಮೆ 'ನಿಮಗೆ ಬೇಕಾಗಿಲ್ಲ' ಎಂದುಬಿಡುತ್ತಾರೆ. ಅದನ್ನು ಕೇಳಿ ಖುಷಿಪಡಬೇಡಿ. ಫೋಲ್ಕ್ಸ್‌ಹೋಕ್‌ಶೂಲೆ ಎಂಬ ಊರಿನ ಜನಶಿಕ್ಷಣ ಶಾಲೆಯಲ್ಲಿ ಹಣ ಕಟ್ಟಿಯಾದರೂ ಸೇರಿ. ಮೊದಲ ಗೆಳತಿಯರು ಸಿಗುವುದೂ ಅಲ್ಲೇ.

ಕೊನೆಯ ಪರೀಕ್ಷೆಯ ಹೆಸರು 'ಜರ್ಮನಿಯಲ್ಲಿ ಬದುಕು'. 60 ನಿಮಿಷ, 33 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ದೇಶದ ಬಗ್ಗೆ 300, ನೀವಿರುವ ರಾಜ್ಯದ ಬಗ್ಗೆ 10 ಪ್ರಶ್ನೆಗಳು ಮೊದಲೇ ಪ್ರಕಟವಾಗಿವೆ, ಅವುಗಳಿಂದಲೇ ಕೇಳುತ್ತಾರೆ. 17 ಸರಿಯಾದರೆ ಪೌರತ್ವದ ಅರ್ಜಿಗೂ ಇದೇ ಸಾಕು, ಬಿ1 ಜೊತೆಗಿರಬೇಕು ಅಷ್ಟೆ.

2024ರ ಜೂನ್‌ನಿಂದ ಐದು ವರ್ಷ ವಾಸವಿದ್ದವರು ಪೌರತ್ವ ಕೇಳಬಹುದು, ಹಳೆಯ ಪೌರತ್ವ ಬಿಡಿ ಎಂದು ಜರ್ಮನಿ ಈಗ ಹೇಳುವುದಿಲ್ಲ. ಭಾರತ ಮಾತ್ರ ಎರಡು ಪೌರತ್ವ ಒಪ್ಪುವುದಿಲ್ಲ. ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬೇಕಾಗುತ್ತದೆ. ಆ ಕಾರ್ಡ್ ಇದ್ದರೆ ಊರಿಗೆ ಬಂದು ಹೋಗಲು ವೀಸಾ ಬೇಡ. ಆದರೆ ಇಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಲ್ಲಿ ತೋಟ ಮಾಡುವ ಆಸೆ ಇದ್ದವರು ಪೌರತ್ವದ ಅರ್ಜಿಗೆ ಮುಂಚೆಯೇ ಮನೆಯವರ ಜೊತೆ ಕೂತು ಮಾತಾಡಿಕೊಳ್ಳಿ.